ಮಾದಣ್ಣ ಮುಟ್ಟದ ಪರಿಹಾರದ ಹಣ

ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ನಮ್ಮ ಹಟ್ಟಿಯಲ್ಲಿ ಎಲ್ಲರೂ ಮೊದಲು ತಮ್ಮ ತಮ್ಮ ಮನೆಯ ಗೋಡೆ ನೋಡಿಕೊಳ್ಳುತ್ತಾರೆ. ಊಟಿ ಹತ್ತಿರದ ಅವಲಾಂಚ್ ಬೆಟ್ಟದ ಕಡೆಯ ಮಳೆಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಈ ವರ್ಷ ಅದು ಮಾದಣ್ಣನ ಅಡುಗೆಮನೆಯನ್ನು ಕೆಡವಿತು. ಪಕ್ಕದ ಮಲಗುವ ಕೋಣೆಯ ಗೋಡೆ ನಿಂತೇ ಇತ್ತು. ಆದರೆ ಮೇಲಿಂದ ಕೆಳಗಿನವರೆಗೆ ಬಿರುಕು. ಆ ಬಿರುಕಿನಲ್ಲಿ ಕೈಯ ನಾಲ್ಕು ಬೆರಳೂ ಹೋಗುತ್ತಿದ್ದವು.

ಮಾದಣ್ಣ ಕರೆಂಟ್ ಬೋರ್ಡಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಮಂಜು, ಗಾಳಿ, ಕಾಡು ಯಾವುದನ್ನೂ ಲೆಕ್ಕಿಸದೆ ಕಂಬ ಹತ್ತಿದವರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕರೆಂಟ್ ಹೊಡೆಸಿಕೊಂಡವರಲ್ಲ. ಅದೇ ಅವರ ದೊಡ್ಡ ಹೆಮ್ಮೆ. "ಗೊತ್ತಿಲ್ಲದ ಲೈನ್ ನಾ ಮುಟ್ಟಿದವನೇ ಅಲ್ಲ" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ನಾವೂ ತಲೆದೂಗುತ್ತಿದ್ದೆವು, ಕೇಳಿ ಕೇಳಿ ಬಾಯಿಪಾಠವಾಗಿದ್ದರೂ.

ಈಗ ಅವರೂ ಹೆಂಡತಿ ಕೆಂಪಕ್ಕನೂ ಬದುಕುವುದು ಆ ಪಿಂಚಣಿಯಲ್ಲಿ. ಸ್ವಲ್ಪ ಟೀ ತೋಟವಿದೆ. ಎಲೆಗೆ ಸಿಗುವ ದುಡ್ಡು ಗೊಬ್ಬರಕ್ಕೂ ಕೂಲಿಗೂ ಸರಿಹೋಗುತ್ತದೆ. ಪಿಂಚಣಿ ನಿಂತರೆ ಒಲೆಯೂ ನಿಂತ ಹಾಗೆ.

ಮಳೆಯಾದ ಮೇಲೆ ಅಧಿಕಾರಿಗಳು ಬಂದರು. ಬಿದ್ದ ಅಡುಗೆಮನೆ ನೋಡಿದರು, ಫೋಟೋ ತೆಗೆದರು, ಪಾಸ್‌ಬುಕ್ಕಿನ ನಕಲು ಕೇಳಿದರು. ಮಾದಣ್ಣನಿಗೆ ಇರುವುದು ಒಂದೇ ಖಾತೆ, ಪಿಂಚಣಿ ಬರುವ ಖಾತೆ. ಅದನ್ನೇ ಕೊಟ್ಟರು. ಕೆಲವು ವಾರ ಕಳೆದು, ಪರಿಹಾರದ ಹಣ ಜಮಾ ಆಗಿದೆ ಎಂದು ಮೊಬೈಲಿಗೆ ಸುದ್ದಿ ಬಂತು. ಕೆಂಪಕ್ಕ ಅವತ್ತೇ ಮೇಸ್ತ್ರಿಗೆ ಹೇಳಿ ಕಳಿಸಿದರು.

ಮಾದಣ್ಣ ಈ ಸಂತೋಷವನ್ನು ಎಲೆ ತೂಕ ಹಾಕುವ ಶೆಡ್ಡಿನಲ್ಲಿ ಹೇಳಿಕೊಂಡರು. ಅಲ್ಲಿ ರಾಜೇಂದ್ರನ್ ಇದ್ದ. ಅವರ ಪಕ್ಕದ ಮನೆಯವನೇ. ಕೆಟ್ಟವನೇನಲ್ಲ. ಗೊತ್ತಿಲ್ಲದ್ದನ್ನೂ ಗೊತ್ತಿರುವವನ ಹಾಗೆ ಹೇಳುವ ಚಟ, ಅಷ್ಟೇ.

"ಏನಣ್ಣಾ, ಪೆನ್ಷನ್ ಅಕೌಂಟಿಗೇ ಹಾಕಿಸಿಕೊಂಡೆಯಾ? ಕೆಟ್ಟೆ ಹೋಗು!"

"ಯಾಕಪ್ಪಾ?"

"ಪೆನ್ಷನೂ ಕವರ್ಮೆಂಟ್ ಕಾಸು, ಇದೂ ಕವರ್ಮೆಂಟ್ ಕಾಸು. ಒಬ್ಬನಿಗೇ ಎರಡು ಕೊಡ್ತಾರಾ? ಕಂಪ್ಯೂಟರಲ್ಲಿ ಎರಡೂ ಒಂದೇ ಕಡೆ ಕಾಣುತ್ತೆ. ಮೊದಲು ಪೆನ್ಷನ್ ನಿಲ್ಲಿಸ್ತಾರೆ. ಆಮೇಲೆ ಜೀಪಲ್ಲಿ ಮನೆಗೇ ಬರ್ತಾರೆ."

"ಯಾರು ಹೇಳಿದ್ದು?"

"ಕೂನೂರು ಕಡೆ ಯಾರಿಗೋ ಹಾಗೇ ಆಯ್ತಂತೆ."

ಯಾರಿಗೆ, ಯಾವಾಗ, ಯಾಕೆ ಎಂದು ಮಾದಣ್ಣ ಕೇಳಬೇಕಿತ್ತು. ಕೇಳಲಿಲ್ಲ. ಎದೆಯೊಳಗೆ ಭಯ ಬಂದು ಕೂತಾಗಿತ್ತು. ಅವರು ಎಲೆಯ ಚೀಲವನ್ನೂ ಮರೆತು ಮನೆಗೆ ಬಂದರು.

"ಕೆಂಪೀ, ಆ ಕಾಸು ಮುಟ್ಟೋದು ಬೇಡ. ಮೇಸ್ತ್ರಿಗೆ ಬರಬೇಡ ಅಂತ ಹೇಳು."

"ಮತ್ತೆ ಗೋಡೆ?"

"ಲೈನಲ್ಲಿ ಕರೆಂಟ್ ಇದೆಯಾ ಇಲ್ಲವಾ ಗೊತ್ತಿಲ್ದೆ ಕೈ ಹಾಕಬಾರದು. ಇದೂ ಹಂಗೇ. ಸುಮ್ಮನಿದ್ದುಬಿಡೋಣ."

ಅವರು ಸುಮ್ಮನಿದ್ದುಬಿಟ್ಟರು. ಬ್ಯಾಂಕಿಗೆ ಹೋಗಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಲಿಲ್ಲ. ಮತ್ತೆ ಮತ್ತೆ ಬಂದಾಗ ಫೋನನ್ನೇ ಆರಿಸಿ, ಪಾಸ್‌ಬುಕ್ಕಿನ ಜೊತೆ ಅಕ್ಕಿ ಡಬ್ಬದೊಳಗೆ ಹೂತಿಟ್ಟರು. ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ಹಿತ್ತಿಲಿನಿಂದ ಇಳಿದು ಟೀ ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಅದು ಕ್ಯಾರೆಟ್ ಮೂಟೆ ಒಯ್ಯುವ ಜೀಪು. ದಿನವೂ ಬರುವ ಜೀಪು. ಅಷ್ಟೆತ್ತರದ ಕಂಬಕ್ಕೆ ಹೆದರದ ಮನುಷ್ಯ ಕ್ಯಾರೆಟ್ಟಿಗೆ ಹೆದರಿ ಅಡಗಿದರು ಎಂದರೆ ಈಗ ನಗು ಬರುತ್ತದೆ. ಅವತ್ತು ಅವರ ಮುಖ ನೋಡಿದ್ದರೆ ಯಾರೂ ನಗುತ್ತಿರಲಿಲ್ಲ.

ಇನ್ನೊಂದು ವಿಷಯವಿತ್ತು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ತೋರಿಸಿ, ಜೀವಿತ ಪ್ರಮಾಣಪತ್ರ ಕೊಡಬೇಕು. ಮಾದಣ್ಣ ಪ್ರತಿ ವರ್ಷ ಹಳೆಯ ಜೊತೆಗಾರರೊಂದಿಗೆ ಊಟಿಗೆ ಹೋಗಿ, ಅದನ್ನು ಕೊಟ್ಟು, ಬಿಸಿ ಬಜ್ಜಿ ತಿಂದು ಬರುತ್ತಿದ್ದರು. ಈ ವರ್ಷ ಕೆಂಪಕ್ಕ ನೆನಪಿಸಿದಾಗ ಅವರಿಗೆ ಸಿಟ್ಟು ಬಂತು.

"ನಾನಾಗೇ ಆಫೀಸಿಗೆ ಹೋಗಿ ಸಿಕ್ಕಿಹಾಕಿಕೊಳ್ಳಲಾ? ಬರೋ ತಿಂಗಳು ನೋಡೋಣ."

ಬರುವ ತಿಂಗಳು ಬಂತು, ಹೋಯಿತು. ಮನೆಯಲ್ಲಿದ್ದ ಕಾಸು ಮುಗಿಯಿತು. ಬೇರೆ ದಾರಿಯಿಲ್ಲದೆ ಮಾದಣ್ಣ ಒಂದು ಬೆಳಿಗ್ಗೆ ಎಮರಾಲ್ಡ್ ಪೇಟೆಗೆ ಹೋಗಿ ಎಟಿಎಮ್ಮಿನಲ್ಲಿ ಕಾರ್ಡ್ ಹಾಕಿ ನೋಡಿದರು. ಪರಿಹಾರದ ಹಣ ಹಾಗೇ ಇತ್ತು. ಆ ತಿಂಗಳ ಪಿಂಚಣಿ ಬಂದಿರಲಿಲ್ಲ.

ರಾಜೇಂದ್ರನ್ ಹೇಳಿದ್ದು ನಿಜವಾಯಿತು, ಇನ್ನು ಜೀಪೇ ಬರುವುದು ಎಂದುಕೊಂಡರು. ಒಂದು ರೂಪಾಯಿಯನ್ನೂ ತೆಗೆಯದೆ ಬಸ್ ಹತ್ತಿದರು. ಮುಖ ನೋಡಿಯೇ ಕೆಂಪಕ್ಕನಿಗೆ ತಿಳಿಯಿತು, ಅಂಗಡಿಯಿಂದ ಸಾಲದ ಅಕ್ಕಿ ತಂದರು.

ದೀಪಾವಳಿ ಹೊತ್ತಿನ ಐಪಸಿ ತಿಂಗಳ ಮಳೆ ಮತ್ತೆ ಹಿಡಿಯಿತು. ಬಿರುಕಿಗೆ ಟಾರ್ಪಾಲು ಕಟ್ಟಿದ್ದರು. ಗಾಳಿ ಬಂದಾಗ ಅದು ಪಟಪಟ ಬಡಿದುಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಕೆಂಪಕ್ಕ ಜ್ವರ ಬಂದು ಗೋಡೆ ಪಕ್ಕದ ಮಂಚದಲ್ಲಿ ಮಲಗಿದ್ದರು. ದೂರದಲ್ಲಿ ಜೀಪಿನ ಸದ್ದಾಯಿತು. ಮಾದಣ್ಣ ಎದ್ದು ತೋಟಕ್ಕೆ ಓಡಿದರು.

ಅದೇ ಹೊತ್ತಿಗೆ ಮಹಿಳಾ ಸಂಘದ ತೇನ್ಮೊಳಿ ಬಾಗಿಲು ತಟ್ಟಿದಳು. ಕೆಂಪಕ್ಕ ಸಂಘದ ಮೀಟಿಂಗಿಗೆ ಬರದಿದ್ದಕ್ಕೆ ವಿಚಾರಿಸಲು ಬಂದಿದ್ದಳು.

"ಮಾಮೀ, ಒಳಗಿದ್ದೀರಾ?"

ಕೆಂಪಕ್ಕ ಕಂಬಳಿ ಸರಿಸಿ, ಗೋಡೆ ಹಿಡಿದು ಎದ್ದು, ಬಾಗಿಲ ಚಿಲಕ ತೆಗೆದರು. ಅಷ್ಟರಲ್ಲಿ ಹಿಂದೆ ಧಡ್ ಎಂದಿತು. ಗೋಡೆ ಒಳಕ್ಕೆ ಬಿತ್ತು. ಮಂಚದ ಮೇಲೇ ಬಿತ್ತು.

ತೋಟದಲ್ಲಿ ಕೂತಿದ್ದ ಮಾದಣ್ಣನಿಗೆ ಆ ಸದ್ದು ಕೇಳಿಸಿತು. "ಕೆಂಪೀ! ಕೆಂಪೀ!" ಎಂದು ಕೂಗುತ್ತಾ, ಎಡವುತ್ತಾ ಓಡಿ ಬಂದರು. ಹಿತ್ತಿಲಿನಿಂದ ನೋಡಿದರೆ ಕೋಣೆಯ ತುಂಬ ಧೂಳು, ಕಲ್ಲಿನ ಕೆಳಗೆ ಕಂಬಳಿಯ ಒಂದು ತುದಿ. ಅವರು ಬರಿಗೈಯಲ್ಲಿ ಕಲ್ಲು ಎಳೆಯತೊಡಗಿದರು. ಉಗುರು ಕಿತ್ತು ರಕ್ತ ಬಂದರೂ ಎಳೆಯುತ್ತಲೇ ಇದ್ದರು.

"ಮಾಮಾ, ಇಲ್ಲಿ! ಮಾಮಿ ಇಲ್ಲಿದ್ದಾರೆ!" ಎಂದು ತೇನ್ಮೊಳಿ ಮುಂಬಾಗಿಲಿನಿಂದ ಕೂಗಿದಳು.

ಕೆಂಪಕ್ಕ ಹೊಸ್ತಿಲಾಚೆ ನಡುಗುತ್ತಾ ನಿಂತಿದ್ದರು. ಗಂಡನನ್ನು ನೋಡಿದ ಮೇಲೆ ಅವರಿಗೆ ಅಳು ಬಂತು, ಅಳುವಿನ ಜೊತೆ ಸಿಟ್ಟೂ ಬಂತು.

"ಜೀಪಿಗೆ ಹೆದರಿ ನೀ ಓಡಿದೆ. ನನ್ನ ಈ ಗೋಡೆ ಕೆಳಗೆ ಮಲಗಿಸಿ ಓಡಿದೆ! ನನಗೆ ಯಾವ ಜೀಪಿನ ಭಯವೂ ಇಲ್ಲೆ. ದಿನಾ ಈ ಗೋಡೆ ನೋಡಿಕೊಂಡು ಕಣ್ಣು ಮುಚ್ಚುತ್ತಿದ್ದೆ, ಗೊತ್ತಾ ನಿನಗೆ?"

ಮಾದಣ್ಣ ಅಲ್ಲೇ ಕೆಸರಿನಲ್ಲಿ ಕೂತು ಅತ್ತರು. ತೇನ್ಮೊಳಿಗೆ ಎಲ್ಲವನ್ನೂ ಹೇಳಿದರು. ಶೆಡ್ಡಿನ ಮಾತು, ಅಕ್ಕಿ ಡಬ್ಬದ ಫೋನು, ನಿಂತುಹೋದ ಪಿಂಚಣಿ, ಎಲ್ಲ.

ತೇನ್ಮೊಳಿ ಅವರ ಪಕ್ಕ ಕೂತಳು. "ಮಾಮಾ, ರಾಜೇಂದ್ರಣ್ಣ ಹೇಳಿದ್ದು ಸರಿಯೋ ತಪ್ಪೋ ನನಗೂ ಗೊತ್ತಿಲ್ಲ. ಒಂದು ಕೇಳ್ತೀನಿ. ಲೈನಲ್ಲಿ ಕರೆಂಟ್ ಇದೆಯಾ ಅಂತ ಗೊತ್ತಿಲ್ಲದಾಗ ನೀವು ಏನು ಮಾಡ್ತಿದ್ರಿ? ಸುಮ್ಮನೆ ಮನೆಗೆ ಬಂದುಬಿಡ್ತಿದ್ರಾ?"

"ಅದು ಹೆಂಗಾಗುತ್ತೆ? ಊರೆಲ್ಲ ಕತ್ತಲಲ್ಲಿ ಇರುತ್ತೆ! ಸಬ್‌ಸ್ಟೇಷನ್‌ಗೆ ಕೇಳಬೇಕು. ಆಫ್ ಮಾಡಿದೀವಿ ಅಂತ ಅವರು ಹೇಳಬೇಕು. ಆಮೇಲೆ ಹತ್ತೋದು."

"ಇದನ್ನ ಯಾಕೆ ಕೇಳಲಿಲ್ಲ?"

ಮಾದಣ್ಣ ಒಳಗೆ ಹೋಗಿ ಅಕ್ಕಿ ಡಬ್ಬದಿಂದ ಫೋನನ್ನೂ ಪಾಸ್‌ಬುಕ್ಕನ್ನೂ ತೆಗೆದು ತಂದರು.

ಆ ರಾತ್ರಿ ಇಬ್ಬರೂ ತೇನ್ಮೊಳಿಯ ಮನೆಯಲ್ಲಿ ಮಲಗಿದರು. ಜ್ವರ ಇಳಿದ ಮೇಲೆ ಕೆಂಪಕ್ಕನೂ ಹಟ ಹಿಡಿದು ಹೊರಟರು, ಮೂವರೂ ಊಟಿಯ ಬಸ್ ಹತ್ತಿದರು. ಪಿಂಚಣಿ ಕಚೇರಿಯ ಗೇಟಿನ ಹತ್ತಿರ ಮಾದಣ್ಣನ ಕಾಲು ನಿಂತಿತು. "ನಾಳೆ ಬರೋಣ" ಎಂದರು. ಕೆಂಪಕ್ಕ ಅವರ ಕೋಟಿನ ತೋಳು ಹಿಡಿದುಕೊಂಡು ಒಳಗೆ ನಡೆದರು.

ಅಲ್ಲಿದ್ದ ಅಧಿಕಾರಿ ಹೆಸರು ಕೇಳಿ ತಲೆಯೆತ್ತಿ ನೋಡಿದರು. "ಎಲ್ಲಿ ಹೋಗಿದ್ರಿ ಸಾರ್? ಲೈಫ್ ಸರ್ಟಿಫಿಕೇಟ್ ಕೊಡಿ ಅಂತ ಹೇಳೋಕೆ ಫೋನ್ ಮಾಡಿ ಮಾಡಿ ಸಾಕಾಯ್ತು. ನೀವು ಎತ್ತಲೇ ಇಲ್ಲ."

ಮಾದಣ್ಣನಿಗೆ ತಾನು ಹೆದರಿ ಆರಿಸಿಟ್ಟ ಫೋನು ನೆನಪಾಯಿತು. "ಪರಿಹಾರದ ಕಾಸು ಬಂತು ಅಂತ ನನ್ನ ಪೆನ್ಷನ್ ನಿಲ್ಲಿಸಿದ್ದಲ್ಲವಾ ಸಾರ್?" ಎಂದು ಮೆಲ್ಲಗೆ ಕೇಳಿದರು.

"ಅದು ಮಳೆಗೆ ನಿಮ್ಮ ಮನೆ ಬಿತ್ತು ಅಂತ ಕೊಟ್ಟದ್ದು. ಪೆನ್ಷನ್ ನೀವು ದುಡಿದು ಸಂಪಾದಿಸಿದ್ದು. ಅದು ಬಂತು ಅಂತ ಇದು ನಿಲ್ಲೋದಿಲ್ಲ. ಸರ್ಟಿಫಿಕೇಟ್ ಬರಲಿಲ್ಲ, ಅದಕ್ಕೇ ನಿಂತದ್ದು. ಕೊಟ್ಟರೆ ಬಾಕಿಯೂ ಸೇರಿ ಬರುತ್ತೆ."

ಬೆರಳಚ್ಚಿನ ಯಂತ್ರದ ಮೇಲೆ ಮಾದಣ್ಣ ಬೆರಳಿಟ್ಟರು. ಕಲ್ಲು ಎಳೆದು ಗಾಯವಾದ ಬೆರಳು, ಅಚ್ಚು ಬೀಳಲಿಲ್ಲ. ಅಧಿಕಾರಿ ಇನ್ನೊಂದು ಬೆರಳು ಇಡಿಸಿದರು. ಈ ಸಲ ಹಸಿರು ದೀಪ ಹತ್ತಿತು.

"ಆಯ್ತು ಸಾರ್, ನೀವು ಬದುಕಿದ್ದೀರಿ" ಎಂದು ಅಧಿಕಾರಿ ನಕ್ಕರು.

"ಇಷ್ಟು ದಿನ ಹೆದರಿ ಸತ್ತೇ ಇದ್ದರು, ಇವತ್ತು ಬದುಕಿದ್ದು" ಎಂದರು ಕೆಂಪಕ್ಕ. ಅವರು ನಗಲಿಲ್ಲ.

ತೇನ್ಮೊಳಿ ಹೊರಡುವ ಮುಂಚೆ ಇನ್ನೂ ಒಂದು ಕೇಳಿದಳು. "ಎಲ್ಲಾ ಸಹಾಯಕ್ಕೂ ಇದೇ ರೂಲ್ಸಾ ಸಾರ್?"

"ಇಲ್ಲಮ್ಮ. ಒಂದೊಂದಕ್ಕೂ ಒಂದೊಂದು ನಿಯಮ ಇರುತ್ತೆ. ಅದಕ್ಕೇ ಪಾಸ್‌ಬುಕ್ ತಗೊಂಡು ಬಂದು ಕೇಳಿ. ನಿಜ ಹೇಳಿ ಕೇಳಿದರೆ ಯಾರೂ ಜೀಪ್ ಕಳಿಸೋದಿಲ್ಲ. ಆದರೆ ಫೋನಲ್ಲಿ ಯಾರಾದರೂ ಒಟಿಪಿ ಕೇಳಿದರೆ ಮಾತ್ರ ಕೊಡಬೇಡಿ, ಆಫೀಸಿನವರು ಅಂತ ಹೇಳಿದರೂ ಕೊಡಬೇಡಿ."

ಮುಂದಿನ ತಿಂಗಳು ಬಾಕಿಯ ಜೊತೆ ಪಿಂಚಣಿ ಬಂತು. ಮೇಸ್ತ್ರಿಯೂ ಬಂದ. ಗೋಡೆ ಏಳುತ್ತಿದ್ದಾಗ ರಾಜೇಂದ್ರನ್ ಬಂದು ನಿಂತ. ಮಾದಣ್ಣ ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅಷ್ಟರಲ್ಲಿ ರಾಜೇಂದ್ರನ್ನೇ ತಗ್ಗಿದ ದನಿಯಲ್ಲಿ ಮಾತು ತೆಗೆದ.

"ಅಣ್ಣಾ, ನಮ್ಮ ಅತ್ತೆಗೂ ಮಾವನ ಪೆನ್ಷನ್ ಬರುತ್ತೆ. ಮಳೆಗೆ ಅವರ ಮನೆಯೂ ಬಿತ್ತು. ಪೆನ್ಷನ್ ಹೋದೀತು ಅಂತ ಹೆದರಿ ಪರಿಹಾರ ಬೇಡ ಅಂತ ಹೇಳಿಬಿಟ್ಟೆವು. ಬಿದ್ದ ಮನೆಯಲ್ಲೇ ಇದ್ದಾರೆ. ಇನ್ನು ಏನೂ ಮಾಡೋಕಾಗಲ್ವಾ?"

ಮಾದಣ್ಣ ಕೈಯ ಮಣ್ಣು ಒರೆಸಿಕೊಂಡರು. "ನನಗೆ ಗೊತ್ತಿಲ್ಲ ರಾಜೇಂದ್ರಾ. ನಾಳೆ ಬೆಳಿಗ್ಗೆ ಬಸ್ಸಿಗೆ ಬಾ. ಕೇಳೋಣ" ಎಂದರು.

ಇದನ್ನು ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮನೆಯಲ್ಲೂ ಪಿಂಚಣಿ ಪಡೆಯುವವರು ಇರಬಹುದು. ಪರಿಹಾರ ಬಂದಿದ್ದರೆ ಹೆದರಿ ಬಚ್ಚಿಡಬೇಡಿ, ಹೆದರಿ ಬೇಡ ಎನ್ನಲೂಬೇಡಿ. ಪರಿಹಾರಕ್ಕೆ ನಿಮ್ಮದೇ ಖಾತೆ ಕೊಡಿ. ಜೀವಿತ ಪ್ರಮಾಣಪತ್ರವನ್ನು ಕೊಡಬೇಕಾದ ತಿಂಗಳಲ್ಲೇ ಕೊಡಿ. ನಡೆಯಲಾಗದವರಿದ್ದರೆ ಮನೆಗೇ ಬಂದು ಮಾಡಿಸಿಕೊಳ್ಳುವ ದಾರಿ ಇದೆಯೇ ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಿ. ಶೆಡ್ಡಿನಲ್ಲಿ ಕೇಳಿದ ಮಾತನ್ನು ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಒಬ್ಬರೇ ಹೋಗಲು ಭಯವಾದರೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ.

ಅವತ್ತು ತೇನ್ಮೊಳಿ ಬಾಗಿಲು ತಟ್ಟಿದ್ದರಿಂದ ಕೆಂಪಕ್ಕ ಉಳಿದರು. ಎಲ್ಲರ ಬಾಗಿಲನ್ನೂ ಸರಿಯಾಗಿ ಆ ಹೊತ್ತಿಗೇ ಯಾರಾದರೂ ತಟ್ಟುತ್ತಾರೆ ಎಂದು ಹೇಳಲಾಗದು. ನೀವೇ ಎದ್ದು ಹೋಗಿ ಕೇಳಿ.