ಮೇಜಿನ ಗಾಜು

ಕೆಂಪು ಕಾರು ಮೂರನೇ ತಿರುವಿನಲ್ಲಿ ಮತ್ತೆ ಗೋಡೆಗೆ ಬಡಿಯಿತು. ಗೋಪಣ್ಣ ಕಂಪ್ಯೂಟರಿನ ಕೀಲಿಗಳ ಮೇಲಿನ ಕೈ ತೆಗೆದು, ನಿಜವಾಗಿಯೂ ಪೆಟ್ಟು ಬಿದ್ದವನಂತೆ ಸೊಂಟ ನೀವಿಕೊಂಡ.

"ನೀ ಕುಂದ್ರಲೇ ಸೂಗಪ್ಪ. ನಿನ್ನೆ ನಿನ್ನ ಕೈಯಾಗ ಐದು ತಿರುವು ದಾಟಿತ್ತು."

ಸೂಗಪ್ಪ ಕೂರಲಿಲ್ಲ. ಒಳಗಿನ ಕೋಣೆಯಲ್ಲಿ ಹಾಜಿರಾಬೀ ಎಡಗೈಯಲ್ಲಿ ಹಿಡಿದ ಸ್ಟಿಕ್ಕಿಗೆ ಸೀಸದ ಅಚ್ಚುಮೊಳೆ ಜೋಡಿಸುವ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ನಿನ್ನೆ ಐದು ತಿರುವು ದಾಟಿದಾಗ ತಾನು ಸಣ್ಣ ಹುಡುಗರ ಹಾಗೆ ಕೂಗಿದ್ದು ಆಕೆಗೂ ಕೇಳಿಸಿರಬೇಕು ಎಂದು ಅವನಿಗೆ ಬೆಳಗಿನಿಂದ ಕಸಿವಿಸಿಯಾಗಿತ್ತು.

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಅಕ್ಕಿ ಗಿರಣಿಗಳ ದಾರಿಯಲ್ಲಿದ್ದ ವಿರೂಪಾಕ್ಷಪ್ಪನ ಪ್ರೆಸ್ಸಿನಲ್ಲಿ, ಗಾಜು ಹಾಸಿದ ಉದ್ದ ಮೇಜಿನ ಮೇಲೆ ಎರಡು ಕಂಪ್ಯೂಟರುಗಳು ಸೋಮವಾರದಿಂದ ಪಕ್ಕಪಕ್ಕ ಕೂತಿದ್ದವು. ಎಡಗಡೆಯದು ಪೀಸಿ. ಅಗಲವಾದ ಪೆಟ್ಟಿಗೆ, ಅದರ ಮೇಲೆ ಬಣ್ಣದ ಪರದೆ. ಬಲಗಡೆಯದು ಮ್ಯಾಕ್. ರಾಯಚೂರಿನ ದೊಡ್ಡ ಪ್ರೆಸ್ಸೊಂದರಲ್ಲಿ ಮೂರು ವರ್ಷ ದುಡಿದು ಬಂದದ್ದು. ಪರದೆ, ಪೆಟ್ಟಿಗೆ ಎಲ್ಲ ಒಂದರಲ್ಲೇ ಸೇರಿ ಕಾಳಿನ ಡಬ್ಬಿಯಷ್ಟು ಸಣ್ಣದು, ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣವಿಲ್ಲ. ಎರಡನ್ನೂ ಒಬ್ಬನೇ ಏಜೆಂಟ್ ವ್ಯಾನಿನಲ್ಲಿ ತಂದಿಳಿಸಿ, "ಬಳಸಿ ನೋಡ್ರಿ, ಒಂದು ಇಟಗೋರಿ, ಒಂದನ್ನ ಶನಿವಾರ ಸಂಜೀಕ ಒಯ್ತೀನಿ" ಎಂದು ಹೋಗಿದ್ದ. ಒಂದರ ಫ್ಲಾಪಿಯನ್ನು ಇನ್ನೊಂದಕ್ಕೆ ಹಾಕಿದರೆ ಓದುತ್ತಿರಲಿಲ್ಲ. ಒಂದರ ಮೇಲೆ ಮಾಡಿದ ಕೆಲಸ ಇನ್ನೊಂದಕ್ಕೆ ದಕ್ಕದು. ಹಾಗಾಗಿ ಯಾವುದನ್ನು ಇಟ್ಟುಕೊಂಡರೂ ಮುಂದೆ ಅದರ ದಾರಿಯಲ್ಲೇ ನಡೆಯಬೇಕಿತ್ತು.

ಗೋಪಣ್ಣ ಸಾಹುಕಾರ ವಿರೂಪಾಕ್ಷಪ್ಪನ ಹೆಂಡತಿಯ ತಮ್ಮ. ಹಗಲು ಮದುವೆ ಕಾರ್ಡು, ಗಿರಣಿಯವರ ಬಿಲ್‌ಬುಕ್ಕು. ಸಂಜೆ ಆರರ ಮೇಲೆ ಒಂದು ಬಟ್ಟೆಯ ಪರದೆ ಇಳಿಬಿಟ್ಟು ಅದೇ ಕಂಪ್ಯೂಟರಿನ ಮೇಲೆ ಆಟ ಆಡಿಸುವುದು ಅವನ ಯೋಜನೆ. ಗಿರಣಿ ಮಾಲೀಕರ ಮಕ್ಕಳು ಕಾರಿನ ಆಟಕ್ಕಾಗಿ ರಾಯಚೂರಿಗೆ ಹೋಗಿ ಬರುತ್ತಿದ್ದ ಕಾಲ ಅದು.

"ಆ ಸಣ್ಣದ್ರಾಗ ಆಡಾಕ ಏನೈತಿ ಹೇಳು" ಎಂದ ಗೋಪಣ್ಣ. "ಚೌಕ ಸರಿಸೋದು. ನಮ್ಮ ಮುದುಕಮ್ಮ ದಿನಾ ಎಲಿ ಅಡಿಕಿ ಡಬ್ಬ್ಯಾಗ ಸುಣ್ಣ ಅತ್ತ ಸರಸ್ತಾಳ, ಅಡಿಕಿ ಇತ್ತ ಸರಸ್ತಾಳ. ಅದಕ್ಕ ಕರೆಂಟ್ ಯಾಕ ಬೇಕು?"

ಸೂಗಪ್ಪ ನಕ್ಕ. ನಗಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಯಾಕೆಂದರೆ ಹಿಂದಿನ ದಿನ, ಬುಧವಾರ, ಸಾಹುಕಾರ ಕೇಳಿದಾಗ "ಕಲರಿಂದೇ ಚಲೋ ಐತ್ರಿ" ಎಂದು ಹೇಳಿದವನು ಅವನೇ.

ವಿರೂಪಾಕ್ಷಪ್ಪನಿಗೆ ಅವನ ಮಾತಿನ ಮೇಲೆ ನಂಬಿಕೆ. ಸೂಗಪ್ಪ ಮಸ್ಕಿಯವನು. ಹಗಲು ಇಲ್ಲಿ ಟ್ರೆಡಲ್ ಅಚ್ಚುಯಂತ್ರ ತುಳಿದು, ವಾರಕ್ಕೆ ಮೂರು ಸಂಜೆ ಲಿಂಗಸುಗೂರಿನ ಬಸ್ಸು ಹಿಡಿದು, ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದಿದ್ದ. ಆ ಸರ್ಟಿಫಿಕೇಟಿಗೆ ಸಾಹುಕಾರನೇ ಕಟ್ಟು ಹಾಕಿಸಿ ದೇವರ ಫೋಟೊ ಪಕ್ಕ ಮೊಳೆ ಹೊಡೆದಿದ್ದ. ಆದರೆ ಆ ಕ್ಲಾಸಿನಲ್ಲಿ ಹನ್ನೊಂದು ಜನಕ್ಕೆ ಒಂದೇ ಯಂತ್ರವಿತ್ತು, ಅದೂ ಪೀಸಿ. ಮಾಸ್ತರು ಒತ್ತುತ್ತಿದ್ದರು, ಉಳಿದವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಸೂಗಪ್ಪನ ಕೈ ಕೀಲಿಗಳ ಮೇಲೆ ಬಿದ್ದದ್ದು ಮೂರೋ ನಾಲ್ಕೋ ಸಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಬುಧವಾರದ ಮಾತಿಗೆ ಬೇರೆ ತೂಕವೂ ಇತ್ತು. ಆವತ್ತು ಸಾಹುಕಾರ ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ್ದ: "ಮಷೀನ್ ಬಂದ ಮ್ಯಾಲ ಸೀಸ ಇಟಗೊಂಡು ಏನ್ ಮಾಡೋದು, ಗುಜರಿಗೆ ಹೋಗ್ತದ. ಹಾಜಿರಾಬೀ ಮಷೀನ್ ಮ್ಯಾಲ ಕಾರ್ಡು ತಗದ್ರ ಆಕಿನೇ ಇರ್ಲಿ, ನನಗೂ ಹಳೇ ಮನಷಾಳು. ಬರಲಿಲ್ಲಂದ್ರ ಟೈಪಿಂಗ್ ಬಲ್ಲ ಹುಡಿಗಿ ಒಬ್ಬಾಕಿನ್ನ ತರಬೇಕಾಗ್ತದ."

ಅದೇ ಗುರುವಾರ, ಗೋಪಣ್ಣನ ಆಟ ಮುಗಿದ ಮೇಲೆ, ಹಾಜಿರಾಬೀಯನ್ನು ಬಣ್ಣದ ಪರದೆಯ ಮುಂದೆ ಕೂರಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಕನ್ನಡ ಮೊಳೆ ಜೋಡಿಸಿದ ಆಕೆಯ ಬೆರಳು ಕೀಲಿಗಳ ಮೇಲೆ, ಬಿಸಿ ಹಂಚಿನ ಮೇಲಿನಂತೆ, ತಾಗದೆ ಅಡ್ಡಾಡಿತು. "ಇದನ್ನರ ಓದು" ಎಂದು ಸಾಹುಕಾರ ಪರದೆಯ ಮೇಲಿದ್ದ ಸಾಲು ತೋರಿಸಿದ. ಆಕೆ ಕಣ್ಣು ಉಜ್ಜಿಕೊಂಡು, "ಮಂಜ ಆಗ್ಯಾವ್ರೀ ಕಣ್ಣು" ಎಂದಳು. ಸಾಹುಕಾರ ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ನಡೆದ. ಅದು ಸೂಗಪ್ಪನಿಗೆ ಬೈಗಳಿಗಿಂತ ಭಾರವಾಗಿ ಕಂಡಿತು. ಹದಿನಾಲ್ಕನೇ ವಯಸ್ಸಿನಲ್ಲಿ ಅವನು ಈ ಪ್ರೆಸ್ಸಿಗೆ ಬಂದಾಗ ಮೊಳೆಗಳ ಕೇಸಿನ ಯಾವ ಗೂಡಿನಲ್ಲಿ ಯಾವ ಅಕ್ಷರ ಎಂದು ಅವನ ಕೈ ಹಿಡಿದು ತೋರಿಸಿದವಳು ಆಕೆ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಸೂಗಪ್ಪ ಬುತ್ತಿ ಡಬ್ಬಿ ತೊಳೆದು ಒಳಗೆ ಬಂದರೆ ಹಾಜಿರಾಬೀ ಸಣ್ಣ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕೀಬೋರ್ಡು ತೊಡೆಯ ಮೇಲಿತ್ತು. ತಲೆ ಪೂರ್ತಿ ಬಗ್ಗಿತ್ತು. ಅಳುತ್ತಿದ್ದಾಳೆಂದುಕೊಂಡು ಅವನು ಬಾಗಿಲಲ್ಲೇ ನಿಂತ.

"ಸೂಗಾ, ಈ ಕಾರ್ಡಿನ್ಯಾಗ ಒಂದು ಸಾಲು ಎರಡು ಸಲ ಬಂದೈತಿ ನೋಡು" ಎಂದಳು ತಲೆ ಎತ್ತದೆ. "ವಳಕಮದಿನ್ನಿ ಬೀಗರದು. ದೊಡ್ಡೋರ ಹೆಸರಿನ ಸಾಲು."

ಪರದೆಯ ಮೇಲಿದ್ದ ಮದುವೆ ಕಾರ್ಡನ್ನು ನಿನ್ನೆ ಸೂಗಪ್ಪನೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದ. ಎರಡು ಸಲ ಓದಿಯೂ ಇದ್ದ. ಈಗ ನೋಡಿದರೆ ಸಾಲು ನಿಜಕ್ಕೂ ಎರಡು ಸಲ ಇತ್ತು.

"ನೀ ಪರದೆ ನೋಡಾಕತ್ತಿಲ್ಲಲ್ಲ ಚಾಚಿ?"

ಆಕೆ ಬೆರಳಿನಿಂದ ಮೇಜಿನ ಗಾಜು ತೋರಿಸಿದಳು. ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರ್ ಹಾಳೆ, ಗಿರಣಿಯವರ ಕಾರ್ಡುಗಳು. ಅವುಗಳ ನಡುವೆ ಬರಿದಾಗಿದ್ದ ಒಂದು ಗೇಣು ಜಾಗದಲ್ಲಿ ಪರದೆಯ ಪ್ರತಿಬಿಂಬ ಬಿದ್ದಿತ್ತು. ಅಕ್ಷರಗಳು ತಲೆಕೆಳಗಾಗಿ, ಎಡದಿಂದ ಬಲಕ್ಕೆ, ಮೊದಲ ಸಾಲು ಆಕೆಯ ಎದೆಯ ಹತ್ತಿರ. ಸ್ಟಿಕ್ಕಿನಲ್ಲಿ ಸೀಸದ ಮೊಳೆಗಳು ನಿಲ್ಲುವುದು ಹಾಗೆಯೇ.

ಸೂಗಪ್ಪ ಪಕ್ಕದ ಸ್ಟೂಲಿನ ಮೇಲೆ ಕೂತ. ಇಷ್ಟು ವರ್ಷ ಪ್ರೂಫ್ ಕಾಗದ ಬಂದಾಗಲೆಲ್ಲ ಆಕೆ "ನೀ ಓದಪ, ನಾ ತಿದ್ದತೀನಿ" ಎನ್ನುತ್ತಿದ್ದುದು ನೆನಪಾಯಿತು. ತನ್ನ ಮೇಲಿನ ಪ್ರೀತಿಗೆ ಹಾಗೆನ್ನುತ್ತಾಳೆಂದು ಅವನು ತಿಳಿದಿದ್ದ.

"ಕಣ್ಣು ಮಂಜಿಲ್ಲ ಅಲ್ಲೇನು ನಿನಗ?"

"ಮಂಜಿದ್ರ ಆರು ಪಾಯಿಂಟಿನ ಸಣ್ಣ ಮೊಳಿ ಹೆಂಗ ಜೋಡಸಲಿ?" ಹಾಜಿರಾಬೀ ಗಾಜಿನಿಂದ ಕಣ್ಣು ಕೀಳಲಿಲ್ಲ. "ನಾ ಶಾಲಿ ಮುಖ ಕಂಡಾಕಿ ಅಲ್ಲ. ನಿಮ್ಮ ಚಾಚಾ ತೀರಿಕೊಂಡ ಮ್ಯಾಲ ಅವರ ಜಾಗದಾಗ ಬಂದು ನಿಂತೆ. ನನಗ ಅಕ್ಷರ ಗೊತ್ತಾಗಿದ್ದೇ ಸೀಸದಾಗ. ಕಾಗದದ ಮ್ಯಾಲ ನೆಟ್ಟಗ ನಿಂತ್ವು ಅಂದ್ರ ಒಂದೊಂದೇ ಹಿಡದು ಕೇಳಬೇಕು, ನೀ ಯಾರಪ, ನೀ ಯಾರಪ ಅಂತ."

"ಸಾವ್ಕಾರ್ರಿಗೆ ಹೇಳಬೇಕಿಲ್ಲೇನು?"

"ಏನಂತ ಹೇಳಲಿ? ಇಪ್ಪತ್ತೆರಡು ವರ್ಷ ನಿಮ್ಮ ಪ್ರೆಸ್ಸಿನ್ಯಾಗ ಓದಾಕ ಬರಲಾರದಾಕಿ ಇದ್ಲು ಅಂತ?" ಆಕೆ ಸ್ವಲ್ಪ ನಕ್ಕಳು. "ನೀನೂ ಹೇಳಬ್ಯಾಡ. ಏನಾಗ್ತದೋ ಆಗ್ಲಿ."

ಸೂಗಪ್ಪ ಎದ್ದು ಬಣ್ಣದ ಪರದೆಯನ್ನು ಅದರ ಪೆಟ್ಟಿಗೆಯ ಮೇಲಿಂದ ಇಳಿಸಿ ಗಾಜಿನ ಮೇಲಿಟ್ಟ. ಅದರಲ್ಲೂ ಒಂದು ಸಾಲು ಹೊಡೆದು, ನೋಡು ಎಂದ. ಆಕೆ ಬಹಳ ಹೊತ್ತು ನೋಡಿದಳು. ಆ ಕಂಪ್ಯೂಟರಿನ ಕನ್ನಡದಲ್ಲಿ ಒತ್ತಕ್ಷರಗಳು ಪರದೆಯ ಮೇಲೆ ಕೆಳಗೆ ಕೂರದೆ ಪಕ್ಕಕ್ಕೆ ಕೂರುತ್ತಿದ್ದವು, ಕಾಗದಕ್ಕೆ ಬಂದಾಗಲೇ ಸರಿಹೋಗುತ್ತಿದ್ದವು. "ಇವು ನಮ್ಮವಲ್ಲ" ಎಂದು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟಿಕ್ ಟಿಕ್ ಸದ್ದು ಶುರುವಾಯಿತು.

ಸಣ್ಣದರ ಕೀಲಿಗಳ ಮೇಲೆ ರಾಯಚೂರಿನವರು ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದರು. ಆಕೆ ಅದನ್ನು ತಿಂಗಳೊಪ್ಪತ್ತಿನಲ್ಲಿ ಕಲಿಯಬಹುದು ಎಂದು ಸೂಗಪ್ಪನಿಗೆ ತೋರಿತು. ಆದರೆ ಅದು ಕೆಟ್ಟರೆ ಹೈದರಾಬಾದಿಗೆ ಹೊತ್ತುಕೊಂಡು ಹೋಗಬೇಕೆಂದು ಏಜೆಂಟನೇ ಹೇಳಿದ್ದ. ಮುಂದೆ ಎಲ್ಲ ಆಫೀಸಿನಲ್ಲೂ ಪೀಸಿಯೇ ಬರುವುದು ಎಂದು ಕ್ಲಾಸಿನ ಮಾಸ್ತರು ಹೇಳುತ್ತಿದ್ದರು. ಅದು ಸುಳ್ಳೆಂದು ಅವನಿಗೆ ಅನ್ನಿಸಲಿಲ್ಲ. ಸಣ್ಣದನ್ನು ಇಟ್ಟುಕೊಂಡರೆ ಅವನು ಬರೆದುಕೊಂಡ ಆರು ತಿಂಗಳ ನೋಟ್‌ಬುಕ್ಕಿನ ಒಂದು ಹಾಳೆಯೂ ಕೆಲಸಕ್ಕೆ ಬಾರದು. ಒಬ್ಬಾಕೆಯ ಸಲುವಾಗಿ ಪ್ರೆಸ್ಸಿಗೆ ನಷ್ಟ ಮಾಡುತ್ತೇನೋ ಎಂದು ಒಂದು ಕ್ಷಣ. ಕಾರಿನ ಆಟಕ್ಕೆ ಸೋತು ಆಕೆಯನ್ನು ಹೊರಗೆ ಹಾಕಿದೆನೋ ಎಂದು ಮರುಕ್ಷಣ. ಆ ಸಂಜೆ ಮಸ್ಕಿಯ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟಿಗೆ ಎರಡು ಸಲ ಕೇಳಬೇಕಾಯಿತು.

ಶನಿವಾರ ಬೆಳಿಗ್ಗೆ ಅವನು ಸಾಹುಕಾರನ ಮುಂದೆ ನಿಂತ.

"ಬುಧವಾರ ನಾ ಹೇಳಿದ್ದು ಪೂರಾ ವಿಚಾರ ಮಾಡಿ ಹೇಳಿದ್ದಲ್ರೀ."

ವಿರೂಪಾಕ್ಷಪ್ಪ ಕನ್ನಡಕದ ಮೇಲಿಂದ ನೋಡಿದ. "ಮತ್ತ?"

"ಸಣ್ಣದ್ರಾಗ ಅಕ್ಷರ ಕಾಗದದಾಗ ಬಂದಂಗೇ ಕಾಣ್ತಾವ್ರೀ. ಹಾಜಿರಾ ಚಾಚಿಗೆ ಅದು ಹೊಂದತದ."

"ಗುರುವಾರ ಆಕಿಗೆ ಒಂದು ಸಾಲು ಓದಾಕ ಆಗಲಿಲ್ಲ. ಕಣ್ಣು ಮಂಜು ಅಂದ್ಲು."

ಸೂಗಪ್ಪನ ಬಾಯಿಗೆ ನಿಜ ಬಂದಿತ್ತು. ಒಳಗಿನ ಟಿಕ್ ಟಿಕ್ ನಿಂತುಹೋಗಿತ್ತು. ಅವನು ಆ ನಿಜವನ್ನು ಬಿಟ್ಟು ಇನ್ನೊಂದನ್ನು ಹೇಳಿದ.

"ಆಕಿದು ಬಿಡ್ರಿ. ನನಗೇ ಕಂಪ್ಯೂಟರ್ ಅಷ್ಟೊಂದು ಬರಂಗಿಲ್ರೀ. ಲಿಂಗಸುಗೂರಾಗ ನಾ ಮಷೀನ್ ಮುಟ್ಟಿದ್ದು ಮೂರ್ನಾಕು ಸಲ. ಕಲರಿಂದು ಚಲೋ ಅಂದಿದ್ದು ಅದ್ರಾಗಿನ ಆಟ ನೋಡಿ."

ವಿರೂಪಾಕ್ಷಪ್ಪ ಗೋಡೆಯ ಸರ್ಟಿಫಿಕೇಟಿನ ಕಡೆಗೊಮ್ಮೆ ನೋಡಿದ. ಬೈಯಲಿಲ್ಲ. ಶಲ್ಯ ಹೆಗಲಿಗೆ ಹಾಕಿಕೊಂಡ.

"ಬುಧವಾರದ ಸೂಗಪ್ಪನ ಮಾತು ಕೇಳಲೋ, ಇವತ್ತಿನ ಸೂಗಪ್ಪನ ಮಾತು ಕೇಳಲೋ? ನನಗಂತೂ ಎರಡೂ ಒಂದೇ. ಗಿರಣಿಗೆ ಹೋಗಿ ಬರ್ತೀನಿ. ಯಾವುದು ಪೆಟ್ಟಿಗ್ಯಾಗ ಇರ್ತದ ಅದು ವ್ಯಾನ್ ಹತ್ತಲಿ. ಆಮ್ಯಾಲ ಹೆಚ್ಚು ಕಮ್ಮಿ ಆತು ಅಂದ್ರ ಗೋಪಣ್ಣನ್ನ ಕೇಳಂಗಿಲ್ಲ, ಹಾಜಿರಾಬೀನ ಕೇಳಂಗಿಲ್ಲ. ನಿನ್ನ ಕೇಳ್ತೀನಿ."

ಸಂಜೆ ಐದರ ಹೊತ್ತಿಗೆ ಗೋಪಣ್ಣ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ. ಐದು ತಿರುವು ದಾಟುವ ಸೂಗಪ್ಪನನ್ನು ತೋರಿಸುತ್ತೇನೆಂದು ಹೇಳಿ ತಂದಿದ್ದ. ಮೇಜಿನ ಎಡಗಡೆ ಬರಿದಾಗಿತ್ತು. ಸುತಳಿ ದಾರ ಬಿಗಿದ ದೊಡ್ಡ ಪೆಟ್ಟಿಗೆ ಬಾಗಿಲ ಹತ್ತಿರ ಇತ್ತು.

"ಏ, ಯಾವುದು ಕಟ್ಟೀಯಲೇ?"

ಸೂಗಪ್ಪ ಪೆಟ್ಟಿಗೆ ನೋಡಿದ.

"ತಲಿ ಕೆಟ್ಟೈತೇನು? ಆರು ತಿಂಗಳು ಬಸ್ಸಿನ್ಯಾಗ ಕುಂತು ಇದನ್ನೇ ಕಲ್ತು ಬಂದೇನು? ನಮ್ಮ ಭಾವಗ ಹೇಳೀಯೇನು?"

"ಹೇಳೀನಿ ಅಣ್ಣ."

"ಏನಂದ್ರು?"

"ನನ್ನ ಕೇಳ್ತೀನಿ ಅಂದ್ರು."

ಗೋಪಣ್ಣನಿಗೆ ಅದು ಅರ್ಥವಾಗಲಿಲ್ಲ. ಗೆಳೆಯರಲ್ಲೊಬ್ಬ ಸಣ್ಣ ಪರದೆಯನ್ನು ಬಗ್ಗಿ ನೋಡಿ, "ಇದು ಟೀವಿ ಹೊಟ್ಟ್ಯಾಗಿಂದ ಬಿದ್ದಂಗೈತಿ" ಎಂದ. ಮೂವರೂ ನಕ್ಕು ಚಹಾ ಕುಡಿಯಲು ಹೊರಟರು. ಹೋಗುವಾಗ ಗೋಪಣ್ಣ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಊರು ಬಿಡುವವರನ್ನು ಸವರುವಂತೆ ಒಮ್ಮೆ ಸವರಿದ.

ಸೂಗಪ್ಪ ಗಾಜನ್ನು ಒಂದು ಕಡೆ ಎತ್ತಿ ಹಿಡಿದು ಕೆಳಗಿನ ಕ್ಯಾಲೆಂಡರ್ ಹಾಳೆ ಎಳೆದ. ಗಿರಣಿಯವರ ಕಾರ್ಡುಗಳನ್ನು ಒಂದೊಂದಾಗಿ ತೆಗೆದು ಡ್ರಾಯರಿಗೆ ಹಾಕಿದ. ಬೈಂಡಿಂಗಿಗೆ ತಂದಿದ್ದ ಕರಿ ಕಾಗದದ ಒಂದು ಹಾಳೆಯನ್ನು ಅಳತೆಗೆ ಕತ್ತರಿಸಿ ಆ ಜಾಗದಲ್ಲಿ ಹಾಸಿ, ಗಾಜು ಇಳಿಸಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ. ತಪ್ಪು ಮಾಡಿದೆನೇ ಎಂಬ ಮಾತು, ಒರೆಸಿದಷ್ಟೂ ಹೋಗದ ಕಲೆಯಂತೆ, ಮತ್ತೆ ಮತ್ತೆ ಬರುತ್ತಿತ್ತು.

ಹಾಜಿರಾಬೀ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಾಗಿಲ ಹತ್ತಿರದ ಪೆಟ್ಟಿಗೆ ನೋಡಿದಳು, ಮೇಜು ನೋಡಿದಳು. ಕೂತು, ಕೀಬೋರ್ಡನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಂಟಿಸಿದ ಚೀಟಿಗಳಲ್ಲಿ ಒಂದನ್ನು ಹುಡುಕಿ ಬಲಗೈಯಿಂದ ಒತ್ತಿದಳು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನು. ಕರಿ ಗಾಜಿನಲ್ಲಿ ಅಕ್ಷರಗಳು ಒಂದೊಂದಾಗಿ ತಲೆಕೆಳಗಾಗಿ ಬಂದು ನಿಂತವು.

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. ಸೂಗಪ್ಪ ಪೆಟ್ಟಿಗೆಯ ದಾರಕ್ಕೆ ಕೈ ಹಾಕಿ ಹಿಂತಿರುಗಿ ನೋಡಿದ. ಹಾಜಿರಾಬೀಯ ಎಡಗೈ ಸ್ಟಿಕ್ಕು ಹಿಡಿದ ಹಾಗೆ ಮಡಚಿಕೊಂಡಿತ್ತು. ಅದರ ಹೆಬ್ಬೆರಳು ಗಾಜಿನ ಮೇಲೆ, ಸಾಲಿನ ಕೊನೆಯ ಅಕ್ಷರ ಬೀಳದಂತೆ, ಮೆಲ್ಲಗೆ ಒತ್ತಿ ಹಿಡಿದಿತ್ತು.