ಒಂದಿಂಚೂ ಕದಲದ ಸಿನಿಮಾ ಕಾರು

ನಾನು ಒಂದು ಕಾರು. ಅರ್ಧ ಕಾರು ಎಂದು ಯಾರಾದರೂ ಅಂದರೆ ಅವರ ಜೊತೆ ನನಗೆ ಮಾತಿಲ್ಲ. ನನಗೆ ಬಾನೆಟ್ ಇಲ್ಲ, ಎಂಜಿನ್ ಇಲ್ಲ, ಗಾಲಿ ಇರಬೇಕಾದ ಕಡೆ ಮರದ ದಿಮ್ಮಿಗಳಿವೆ. ಹಾಗಿದ್ದೂ ನಾಡಿನ ಜನ ಕಣ್ಣು ಮಿಟುಕಿಸದೆ ನನ್ನನ್ನು ನೋಡಿದ್ದಾರೆ. ನಿಮ್ಮ ಮನೆ ಮುಂದಿನ ಹೊಸ ಕಾರನ್ನು ಯಾರು ನೋಡಿದ್ದಾರೆ ಹೇಳಿ?

ಹುಟ್ಟಿದಾಗ ನಾನು ಇಡಿಯಾಗೇ ಇದ್ದೆ. ಕಾರ್ಖಾನೆಯಿಂದ ಮದರಾಸಿನ ವಕೀಲರೊಬ್ಬರ ಮನೆ ಸೇರಿ, ಅವರನ್ನು ಕೋರ್ಟಿಗೂ ಅವರ ಹೆಂಡತಿಯನ್ನು ದೇವಸ್ಥಾನಕ್ಕೂ ಹೊತ್ತು ತಿರುಗಿದೆ. ಒಂದು ದಿನ ಎದುರಿಂದ ಬಂದ ಲಾರಿ ನನ್ನ ಮೂತಿಯನ್ನು ಜಜ್ಜಿ ಹಾಕಿತು. ವಕೀಲರಿಗೆ ಏನೂ ಆಗಲಿಲ್ಲ. ಅವರು ಇಳಿದು, ಪಂಚೆ ಕೊಡವಿಕೊಂಡು, ರಿಕ್ಷಾ ಹತ್ತಿ ಹೋದರು. ತಿರುಗಿ ಕೂಡ ನೋಡಲಿಲ್ಲ. ಮನುಷ್ಯರ ವಿಷಯದಲ್ಲಿ ನನಗೆ ಸಿಕ್ಕ ಮೊದಲ ಪಾಠ ಅದು.

ಕೋಡಂಬಾಕ್ಕಂನ ಒಂದು ಸ್ಟುಡಿಯೊ ನನ್ನನ್ನು ಕೊಂಡಿತು. ಆಗ ಕನ್ನಡ ಚಿತ್ರಗಳೂ ಅಲ್ಲೇ ತಯಾರಾಗುತ್ತಿದ್ದವು. ಗ್ಯಾಸ್ ಕಟರ್ ಹಿಡಿದು ಬಂದವನೊಬ್ಬ ಜಜ್ಜಿದ ಮೂತಿಯನ್ನು ಪೂರ್ತಿ ಕೊಯ್ದು ಎಸೆದ. ಎಂಜಿನ್ ಇದ್ದ ಜಾಗಕ್ಕೆ ಕ್ಯಾಮೆರಾ ಬಂತು. ಸ್ಟಿಯರಿಂಗನ್ನು ಒಂದು ಹಲಗೆಗೆ ಬೋಲ್ಟು ಹಾಕಿ ನಿಲ್ಲಿಸಿದರು. ನನ್ನ ಬೆನ್ನ ಹಿಂದೆ ದೊಡ್ಡ ಪರದೆ ಕಟ್ಟಿ, ಮೊದಲೇ ತೆಗೆದಿಟ್ಟ ರಸ್ತೆಯ ಚಿತ್ರವನ್ನು ಅದರ ಮೇಲೆ ಓಡಿಸುತ್ತಿದ್ದರು. ಟೇಬಲ್ ಫ್ಯಾನು ನಾಯಕಿಯ ಮುಂಗುರುಳು ಹಾರಿಸುತ್ತಿತ್ತು. ಮರಗಳ ನೆರಳು ಹಾದುಹೋದಂತೆ ಕಾಣಲೆಂದು ಒಬ್ಬ ದೀಪದ ಮುಂದೆ ಬೇವಿನ ಕೊಂಬೆ ಆಡಿಸುತ್ತಿದ್ದ. ನನ್ನ ಅಡಿಗೆ ತೊಲೆ ತೂರಿಸಿ ಕುಲುಕುತ್ತಿದ್ದವನು ಮಾಲೂರು ಕಡೆಯ ಮುನಿಶಾಮಪ್ಪ. ಮೇಲೆ ಪ್ರೇಮಗೀತೆ ನಡೆದರೆ ಕೆಳಗೆ ಅವನ ಬೆವರು ಹರಿಯುತ್ತಿತ್ತು.

ಹೀಗೆ ನಾನು ಒಂದಿಂಚೂ ಕದಲದೆ ಘಾಟಿ ಹತ್ತಿದೆ, ಮೈಸೂರು ಸುತ್ತಿದೆ, ಕಳ್ಳರನ್ನು ಅಟ್ಟಿಸಿಕೊಂಡು ಹೋದೆ. ಎಲ್ಲ ಚಿತ್ರಗಳಿಗೂ ಅದೇ ರಸ್ತೆಯ ರೀಲು ಹಾಕುತ್ತಿದ್ದುದರಿಂದ ಒಂದೇ ಎತ್ತಿನ ಗಾಡಿಯನ್ನು ನಾನು ಎಷ್ಟೋ ಸಲ ಹಿಂದೆ ಹಾಕಿದ್ದೇನೆ. ನಗುವವರು ನಗಲಿ. ಓಡಿದ ಕಾರುಗಳೆಲ್ಲ ಎಲ್ಲಿಗೆ ಮುಟ್ಟಿದವು ಅಂತ ನಾನೂ ಕೇಳಬಲ್ಲೆ.

ಆ ಕಾಲದ ನಾಯಕ ಮಾಧವಕುಮಾರ. ಕಾರು ಓಡಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎಂದು ಅಭಿಮಾನಿಗಳು ಕೊಂಡಾಡುತ್ತಿದ್ದರು. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ರಸ್ತೆ ಒಂದು ಕಡೆ ತಿರುಗಿದರೆ ಇವನ ಕೈ ಇನ್ನೊಂದು ಕಡೆ ತಿರುಗುತ್ತಿತ್ತು. ಅದಕ್ಕೂ ಜನ ಶಿಳ್ಳೆ ಹೊಡೆಯುತ್ತಿದ್ದರು.

ಅವನ ಪಕ್ಕದಲ್ಲಿ ಕೂರುತ್ತಿದ್ದವಳು ಶಶಿಪ್ರಭಾ. ಗದಗಿನ ನಾಟಕ ಕಂಪನಿಯಿಂದ ಬಂದವಳು. ಒಂದಾದ ಮೇಲೊಂದು ಚಿತ್ರದಲ್ಲಿ ಎಡಗಡೆ ಸೀಟಿನಲ್ಲಿ ಕೂತು, ಅವನ ಹೆಗಲಿಗೆ ತಲೆ ಕೊಟ್ಟು ಹಾಡಿದ್ದೇ ಆಕೆಯ ಪಾಲು. ಕೊನೆಗೊಂದು ಕಥೆಯಲ್ಲಿ ಆಕೆಗೆ ಡಾಕ್ಟರ ಪಾತ್ರ ಸಿಕ್ಕಿತು. ಪೊಲೀಸ್ ಅಧಿಕಾರಿಯಾದ ನಾಯಕನಿಗೆ ಗುಂಡು ತಗಲುತ್ತದೆ. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಆಕೆ ಆಸ್ಪತ್ರೆಗೆ ಕಾರು ಓಡಿಸಬೇಕು. ಆಕೆ ಹಿಗ್ಗಿದಳು. ಊಟದ ಬಿಡುವಿನಲ್ಲಿ ಬಂದು ಸ್ಟಿಯರಿಂಗ್ ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಮುನಿಶಾಮಪ್ಪ ಊಟ ಬಿಟ್ಟು ಬಂದು ಕುಲುಕುತ್ತಿದ್ದ.

"ಗಟ್ಟಿಯಾಗಿ ಹಿಡ್ಕಳಮ್ಮ, ಮುಂದೆ ಹಳ್ಳ ಬತ್ತದೆ" ಅನ್ನುತ್ತಿದ್ದ. ಆಕೆ ನಿಜಕ್ಕೂ ಹಳ್ಳ ಕಂಡವಳಂತೆ ಹಲ್ಲು ಕಚ್ಚುತ್ತಿದ್ದಳು. ಅಷ್ಟು ನಂಬಿಕೆಯಿಂದ ನನ್ನನ್ನು ಓಡಿಸಿದವರು ಬೇರೆ ಯಾರೂ ಇಲ್ಲ. ಆಕೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗ.

ಚಿತ್ರೀಕರಣದ ದಿನ ಮಾಧವಕುಮಾರ ಹೆಗಲಿಗೆ ಕೆಂಪು ಬಣ್ಣ ಬಳಿದುಕೊಂಡು ಬಂದ. ಬಲಗಡೆ ಸೀಟಿನಲ್ಲಿ ಶಶಿಪ್ರಭಾ ಕೂತಿರುವುದನ್ನು ನೋಡಿ ನಿಂತ.

"ಕೇಶವಯ್ಯನವರೇ" ಎಂದು ನಿರ್ದೇಶಕನನ್ನು ಕರೆದ. "ನಾನು ಹಿಂದೆ ಮಲಗೋದು, ಈಕೆ ಓಡಿಸೋದು ಅಂದ್ರೆ ನನ್ನ ಜನ ಒಪ್ತಾರಾ? ಒಂದು ಕೈಲಿ ನಾನೇ ಓಡಿಸ್ತೀನಿ. ಆಕೆ ಪಕ್ಕದಲ್ಲಿ ಕೂತು ಸೆರಗು ಹರಿದು ಗಾಯಕ್ಕೆ ಕಟ್ಟಲಿ."

ಕೇಶವಯ್ಯ ನೆಲ ನೋಡಿದರು. ಮಾಧವಕುಮಾರನ ಹೆಸರಿಲ್ಲದೆ ಚಿತ್ರ ಮಾರಾಟವಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. "ಸ್ವಲ್ಪ ಆಚೆ ಸರ್ಕೋಮ್ಮ" ಎಂದರು ಮೆಲ್ಲಗೆ.

"ಗುಂಡು ಬಿದ್ದದ್ದು ಅವರಿಗೋ ನನಗೋ, ಅದನ್ನರೆ ಹೇಳ್ರಿ" ಎಂದಳು ಶಶಿಪ್ರಭಾ. "ನಾ ಇಳಿಯೂದಿಲ್ಲ."

ಮಾಧವಕುಮಾರ ಬಾಗಿಲ ಬಳಿ ಬಂದು, ಒಳಗೆ ಕೈ ಚಾಚಿ, ಸ್ಟಿಯರಿಂಗ್ ಹಿಡಿದು ತನ್ನ ಕಡೆಗೆ ಜಗ್ಗಿದ.

ನಾನು ಬಿಟ್ಟುಕೊಟ್ಟೆ. ಬೋಲ್ಟು ಸಡಿಲವಾಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಬೋಲ್ಟು ನನ್ನದು, ಸಡಿಲ ಮಾಡಿಕೊಳ್ಳುವುದು ಬಿಡುವುದು ನನ್ನಿಷ್ಟ. ನಾಯಕ ಸ್ಟಿಯರಿಂಗ್ ಸಮೇತ ಹಿಂದಕ್ಕೆ ಹೋಗಿ ನೆಲದ ಮೇಲೆ ಕೂತ. ದೀಪದವನು ನಕ್ಕ, ಕೊಂಬೆಯವನು ನಕ್ಕ, ಕೇಶವಯ್ಯ ಕೆಮ್ಮಿದಂತೆ ಮಾಡಿದರು. ಮಾಧವಕುಮಾರ ಎದ್ದು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಮತ್ತೆ ಆ ದೃಶ್ಯಕ್ಕೆ ಬರಲಿಲ್ಲ.

ಸೆಟ್ಟನ್ನು ಅಂದೇ ಬಿಚ್ಚಿ ಬೇರೆ ಚಿತ್ರಕ್ಕೆ ಜಾಗ ಬಿಡಬೇಕಾಗಿತ್ತು, ಕಾಯುವಂತಿರಲಿಲ್ಲ. ಬೇರೆ ಯಾರನ್ನೋ ಹಿಂದಿನ ಸೀಟಿನಲ್ಲಿ ಮುಖ ಮರೆಯಾಗುವಂತೆ ಮಲಗಿಸಿದರು. ಮುನಿಶಾಮಪ್ಪ ಬೋಲ್ಟು ಬಿಗಿದ. ಶಶಿಪ್ರಭಾ ಕಾರು ಓಡಿಸಿದಳು. ಆ ದೃಶ್ಯ ಬಂದಾಗ ಹುಬ್ಬಳ್ಳಿಯ ಟಾಕೀಸಿನಲ್ಲಿ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.

ಅದಕ್ಕೆ ಬೆಲೆಯನ್ನೂ ತೆತ್ತೆವು. ಮಾಧವಕುಮಾರ ಮತ್ತೆಂದೂ ಆಕೆಯ ಜೊತೆ ನಟಿಸಲಿಲ್ಲ. ಅವನಿಗೆ ಬೇಡವಾದವಳು ಉಳಿದ ನಾಯಕರಿಗೂ ಬೇಡವಾದಳು. ಇನ್ನೂ ಚಿಕ್ಕ ವಯಸ್ಸಿನಲ್ಲೇ ತಾಯಿಯ ಪಾತ್ರ ಕೊಟ್ಟರು, ಆಮೇಲೆ ಅದೂ ಇಲ್ಲ. ನನ್ನನ್ನು ಅಪಶಕುನದ ಕಾರು ಎಂದು ಸ್ಟುಡಿಯೊ ಫ್ಲೋರಿನ ಹಿಂದಕ್ಕೆ ತಳ್ಳಿದರು. ನನ್ನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಟ್ಟವು. ಕೋಳಿಗಳಿಗೆ ಶಕುನದ ಚಿಂತೆ ಇರಲಿಲ್ಲ, ಅದು ಸಮಾಧಾನ. ಆದರೆ ಆಕೆಗೆ ಆದ ಅನ್ಯಾಯಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಚಿತ್ರೀಕರಣಗಳೆಲ್ಲ ಸ್ಟುಡಿಯೊ ಬಿಟ್ಟು ಹೊರಗಿನ ರಸ್ತೆಗಳಿಗೆ ಹೋದ ಮೇಲೆ ಸ್ಟುಡಿಯೊದವರು ನನ್ನನ್ನು ಗುಜರಿಗೆ ಹಾಕಲು ಹೊರಟರು. ಸುದ್ದಿಯನ್ನು ಮುನಿಶಾಮಪ್ಪ ಶಶಿಪ್ರಭಾಗೆ ಮುಟ್ಟಿಸಿದ. ಆಕೆ ಲಾರಿ ತಂದಳು.

"ಇದು ಓಡಲ್ಲಮ್ಮ" ಎಂದ ಗುಜರಿಯವನು.

"ನಾ ಓಡಿಸೀನಿ" ಎಂದಳು.

ಈಗ ನಾನು ಹುಬ್ಬಳ್ಳಿಯಲ್ಲಿದ್ದೇನೆ. ಶಶಿಪ್ರಭಾ ಅಷ್ಟರಲ್ಲಿ ನಿಜವಾದ ಕಾರು ಓಡಿಸಲು ಕಲಿತು, ಅಲ್ಲಿ ಹೆಂಗಸರಿಗೆ ಡ್ರೈವಿಂಗ್ ಸ್ಕೂಲ್ ತೆರೆದಿದ್ದಳು. ಗ್ಯಾರೇಜಿನವನಿಂದ ನನಗೆ ಅಭ್ಯಾಸಕ್ಕೆಂದು ಕ್ಲಚ್ಚು, ಬ್ರೇಕು, ಗೇರು ಹಾಕಿಸಿದಳು. ರಸ್ತೆಗೆ ಇಳಿಯಲು ಅಂಜುವವರು ಮೊದಲು ನನ್ನಲ್ಲಿ ಕೂರುತ್ತಾರೆ. ಮೂತಿ ಇಲ್ಲದ ನನ್ನನ್ನು ನೋಡಿ ಓಣಿಯ ಗಂಡಸರು ನಗುತ್ತಾರೆ. ನನ್ನಲ್ಲಿ ಕಲಿತವರು ಅವರ ಪಕ್ಕದಲ್ಲೇ ಹಾರ್ನ್ ಬಾರಿಸಿಕೊಂಡು ಮುಂದೆ ಹೋಗುತ್ತಾರೆ.

ಮೊನ್ನೆ ಗಿರಿಜವ್ವ ಬಂದಿದ್ದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ರೊಟ್ಟಿ ಸಾಗಿಸಲು ತನ್ನ ದುಡಿಮೆಯಲ್ಲೇ ಸಣ್ಣ ವ್ಯಾನ್ ಕೊಂಡಿದ್ದಾಳೆ. ಜೊತೆಗೆ ಗಂಡನೂ ಬಂದಿದ್ದ.

"ಕಲಿಯೂದು ನಾ ಕಲಿತೀನ್ರಿ" ಎಂದ. "ಇಕಿ ಬಾಜೂಕ ರೊಟ್ಟಿ ಹಿಡ್ಕೊಂಡು ಕೂಡ್ತಾಳ."

ಶಶಿಪ್ರಭಾ ಗಿರಿಜವ್ವನ ಮುಖ ನೋಡಿದಳು. ಗಿರಿಜವ್ವ ಬಲಗಡೆ ಸೀಟಿಗೆ ಹತ್ತಿ ಸ್ಟಿಯರಿಂಗ್ ಹಿಡಿದಳು. ಶಶಿಪ್ರಭಾಗೆ ಈಗ ವಯಸ್ಸಾಗಿದೆ, ಸೊಂಟ ನೋವು. ಆದರೂ ನನ್ನ ಹಿಂದೆ ನಿಂತು, ಬಂಪರಿನ ಮೇಲೆ ಕಾಲಿಟ್ಟು ಕುಲುಕತೊಡಗಿದಳು.

"ರಸ್ತಿ ಅಂದ್ರ ಹಿಂಗ ಇರತೈತಿ. ಹೆದರಬ್ಯಾಡವಾ."

ಗಿರಿಜವ್ವ ಗೇರು ಬದಲಿಸಿದಳು. ಎದುರಿಗಿದ್ದದ್ದು ಸುಣ್ಣ ಬಳಿದ ಗೋಡೆ. ಅವಳ ಕಣ್ಣು ಅದರಾಚೆ ಎಲ್ಲೋ ಇತ್ತು. ಗಂಡನಿಗೆ ತಡೆಯಲಾಗಲಿಲ್ಲ. ಬಾಗಿಲು ಬಡಿದ.

"ಸಾಕಿನ್ನ. ಇಳಿ."

ಗಿರಿಜವ್ವ ತಿರುಗಲಿಲ್ಲ.

"ರಸ್ತೆದಾಗ ಅದೀನಿ" ಎಂದಳು. "ಗಾಡಿ ನಿಂತ ಮ್ಯಾಲ ಮಾತಾಡೂಣು."

ಶಶಿಪ್ರಭಾ ಕುಲುಕುವುದನ್ನು ನಿಲ್ಲಿಸಲಿಲ್ಲ.