ಮಂಗಳವಾರದ ಬೆಳಗಿನ ಪಾಳಿ

"ನೀವೇ ಅಲ್ವಾ ಬರ್ಕೊಟ್ಟಿದ್ದು, ಯಾವಾಗ ಕರೆದ್ರೂ ಬರ್ತೀನಿ ಅಂತ? ಈಗ ಮಂಗಳವಾರ ಆಗಲ್ಲ ಅಂದ್ರೆ ನಾನೇನು ಮಾಡ್ಲಿ ಹೇಳಿ."

ಮ್ಯಾನೇಜರ್ ಮೇಡಂ ಫೈಲಿನಿಂದ ಒಂದು ಹಾಳೆ ಎಳೆದು ನನ್ನ ಮುಖದ ಮುಂದೆ ಹಿಡಿದರು. ಈ ಕಾಫಿ ಶಾಪಿಗೆ ಸೇರಿದ ದಿನ ನಾನು ತುಂಬಿಕೊಟ್ಟ ಹಾಳೆ. ವಾರಕ್ಕೆ ಏಳು ದಿನ, ದಿನಕ್ಕೆ ಮೂರು ಹೊತ್ತು, ಒಟ್ಟು ಇಪ್ಪತ್ತೊಂದು ಚೌಕ. ಯಾವ ಹೊತ್ತು ಬರಬಲ್ಲಿರೋ ಅಲ್ಲಿ ಗುರುತು ಹಾಕಿ ಅಂತಿತ್ತು. ನಾನು ಇಪ್ಪತ್ತೊಂದಕ್ಕೂ ಹಾಕಿದ್ದೆ, ಅದೂ ಪರೀಕ್ಷೆಯಲ್ಲಿ ಎಲ್ಲಾ ಉತ್ತರ ಗೊತ್ತಿರೋ ಮಗುವಿನ ಹಾಗೆ ಒತ್ತಿ ಒತ್ತಿ. ಕೆಲಸ ಬೇಕಾದವರು ಇನ್ನೇನು ಮಾಡ್ತಾರೆ? ಮಧ್ಯಾಹ್ನ ನಿದ್ದೆ ಮಾಡಬೇಕು ಅಂತ ಬರೆಯೋಕಾಗುತ್ತಾ?

"ಅದು ಎರಡು ವರ್ಷದ ಹಿಂದೆ ಮೇಡಂ. ಆಗ ಅಪ್ಪ ಚೆನ್ನಾಗಿದ್ದ."

"ಕಂಪ್ಯೂಟರಿಗೆ ನಿಮ್ಮಪ್ಪ ಗೊತ್ತಿಲ್ಲ ಕಣ್ರೀ. ಈ ಹಾಳೆ ಗೊತ್ತು." ಅಂದ ಮೇಲೆ ಅವರಿಗೇ ಒರಟಾಯಿತು ಅನಿಸಿತೋ ಏನೋ, ದನಿ ತಗ್ಗಿಸಿದರು. "ಯಾರ ಹತ್ರಾನಾದ್ರೂ ಶಿಫ್ಟ್ ಬದಲಾಯಿಸ್ಕೊಳ್ಳಿ. ಪುಸ್ತಕದಲ್ಲಿ ಇಬ್ರೂ ಸಹಿ ಹಾಕಿ, ನಾನೂ ಹಾಕ್ತೀನಿ. ಹೊಸ ಹಾಳೆ ಬೇಕಿದ್ರೆ ತುಂಬಿಕೊಡಿ. ಆದ್ರೆ ಅದು ಜಾರಿಗೆ ಬರೋದು ಎರಡು ವಾರ ಆದ್ಮೇಲೆ."

ಹಳೆಯ ಮ್ಯಾನೇಜರ್ ಕಾಲದಲ್ಲಿ ಈ ಹಾಳೆ ಯಾರಿಗೂ ನೆನಪಿರಲಿಲ್ಲ. ಪಾಳಿಗಳೆಲ್ಲ ಅವರ ತಲೆಯಲ್ಲೇ ಇದ್ದವು. ಇವಳಿಗೆ ಮಂಗಳವಾರ ಬೆಳಿಗ್ಗೆ ಅಪ್ಪನ ಜೊತೆ ಹೋಗೋದಿದೆ, ಅವನಿಗೆ ಭಾನುವಾರ ಫುಟ್ಬಾಲ್ ಇದೆ, ಆ ಹುಡುಗಿಗೆ ಪರೀಕ್ಷೆ ಇದೆ ಅಂತ ಗೊಣಗುತ್ತಲೇ ಎಲ್ಲರನ್ನೂ ಹೊಂದಿಸಿಬಿಡೋರು. ಹೋದ ತಿಂಗಳು ನಿವೃತ್ತರಾದರು. ಹೋಗುವಾಗ ತಲೆಯನ್ನೂ ಜೊತೆಗೇ ತಗೊಂಡು ಹೋದರು, ನಮ್ಮ ಕೈಗೆ ಈ ಇಪ್ಪತ್ತೊಂದು ಚೌಕ ಉಳಿಯಿತು.

ಅಪ್ಪನ ವಿಷಯ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಅವನ ಗಂಟಲಿಗೆ ಬಸ್ಸಿನ ಹಾರ್ನು ನಾಚಿಕೊಳ್ಳುತ್ತಿತ್ತು. ಆರು ತಿಂಗಳ ಹಿಂದೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಅರ್ಧ ಹೋದವು, ಮಾತು ಪೂರಾ ಹೋಯಿತು. ಉಳಿದದ್ದು ಒಂದೇ ಒಂದು: "ರೈಟ್." ಊಟ ಬೇಕಾ ಅಂದರೆ ರೈಟ್. ಬೇಡವಾ ಅಂದರೂ ರೈಟ್. ನೋವಿದೆಯಾ ಅಂದರೆ ಕಣ್ಣಲ್ಲಿ ನೀರು ತುಂಬಿಕೊಂಡು ರೈಟ್.

ಮಾತು ಕಲಿಸುವ ಮೇಡಂ ಒಬ್ಬರು ಮಂಗಳವಾರ ಹತ್ತೂವರೆಗೆ ಅಪ್ಪನನ್ನು ನೋಡುತ್ತಾರೆ. ಮನೆಯವರೊಬ್ಬರು ಪಕ್ಕದಲ್ಲಿ ಕೂತು ಕಲಿತುಕೊಂಡು ಉಳಿದ ಆರು ದಿನ ಮನೆಯಲ್ಲಿ ಹೇಳಿಕೊಡಬೇಕು. ಮನೆಯವರು ಅಂದರೆ ನಾನೇ, ಬೇರೆ ಯಾರಿದ್ದಾರೆ? ನಾಲ್ಕು ತಿಂಗಳ ಮೇಲೆ ಒಂದು ದಿನ "ನೀರು" ಅಂದ. ಅವತ್ತು ಬೇಕೋ ಬೇಡವೋ ಐದು ಲೋಟ ಕುಡಿಸಿದ್ದೆ. "ಮೊದಲನೇ ವರ್ಷದಲ್ಲಿ ಬಂದಷ್ಟೇ ಬಂತು, ಆಮೇಲೆ ಕಷ್ಟ" ಅಂದಿದ್ದರು ಮೇಡಂ. ಅಲ್ಲಿ ಕಾಯುವವರ ಸಾಲು ದೊಡ್ಡದು. ಎರಡು ವಾರ ಸತತವಾಗಿ ತಪ್ಪಿಸಿದರೆ ಆ ಹೊತ್ತು ಬೇರೆಯವರಿಗೆ. ಕಾಲು ಗಂಟೆಗಿಂತ ತಡವಾದರೂ ತಪ್ಪಿಸಿದ ಹಾಗೇ ಲೆಕ್ಕ. ಕಳೆದ ಮಂಗಳವಾರ ಯಾರಿಗೋ ಜ್ವರ ಅಂತ ಶಾಪಿನಿಂದ ಕರೆದಿದ್ದರು, ಹೋಗಿದ್ದೆ. ಅಲ್ಲಿಗೆ ಒಂದಾಗಿತ್ತು.

ಮೇಡಂ ಹಾಳೆ ತೋರಿಸಿದ ಆ ಶುಕ್ರವಾರವೇ ನೊರೆರಾಜನನ್ನು ಹಿಡಿದೆ. ಹಾಲಿನ ನೊರೆಯಲ್ಲಿ ಎಲೆ, ಹೃದಯ, ಒಮ್ಮೊಮ್ಮೆ ಮ್ಯಾನೇಜರ್ ಮೇಡಂ ಮೂಗು ಬರೆಯುವ ಹುಡುಗ.

"ಮಂಗಳವಾರ ನಿನ್ನದು ಎರಡು ಗಂಟೆ ಶಿಫ್ಟ್ ತಾನೆ? ನನ್ನ ಆರು ಗಂಟೇದು ನೀನು ಮಾಡು, ನಿನ್ನದು ನಾನು ಮಾಡ್ತೀನಿ."

"ಆರು ಗಂಟೆಗಾ? ಅಕ್ಕಾ, ಆ ಹೊತ್ತಲ್ಲಿ ನಮ್ಮನೆ ಕೋಳಿನೂ ಏಳಲ್ಲ."

"ನಿಮ್ಮನೇಲಿ ಕೋಳಿ ಇಲ್ಲ."

"ಅದಕ್ಕೇ ಏಳಲ್ಲ." ನಕ್ಕ. "ಆಯ್ತು ಬಿಡು, ನಿನಗಲ್ದೆ ಇನ್ಯಾರಿಗೆ. ನನ್ನ ಎಷ್ಟು ಭಾನುವಾರ ನೀನು ಮಾಡಿಲ್ಲ."

ಪಾಳಿ ಬದಲಾದರೆ ಹಾಲಿನ ಫ್ರಿಜ್ಜಿನ ಬಾಗಿಲ ಮೇಲೆ ಮಾರ್ಕರಿನಲ್ಲಿ ಬರೆಯೋದು ನಮ್ಮ ಪದ್ಧತಿ. ಎಲ್ಲರೂ ದಿನಕ್ಕೆ ನೂರು ಸಲ ತೆಗೆಯೋ ಬಾಗಿಲು, ಕಣ್ಣಿಗೆ ಬೀಳದೆ ಎಲ್ಲಿ ಹೋಗುತ್ತೆ? ಅಲ್ಲೇ ಬರೆದೆವು. ಪುಸ್ತಕದ ಮಾತು ನನಗೆ ನೆನಪಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ನೆನಪಿತ್ತು. ಮೇಡಂ ಮನೆಗೆ ಹೋಗಿಬಿಟ್ಟಿದ್ದರು, ನಾಳೆ ಹಾಕಿದರಾಯಿತು ಅಂದುಕೊಂಡೆ. ನಾಳೆ ಶನಿವಾರ. ಶನಿವಾರ ನಮ್ಮಲ್ಲಿ ಉಸಿರಾಡೋಕೂ ಸರತಿ. ಆಮೇಲೆ ಪುಸ್ತಕ ಹಾಗೇ ಉಳಿಯಿತು.

ಮಂಗಳವಾರ ಬೆಳಿಗ್ಗೆ ಅಪ್ಪನಿಗೆ ಶರ್ಟಿನ ಗುಂಡಿ ಹಾಕುತ್ತಿದ್ದೆ. ಅವನಿಗೆ ವಾರದ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು, ಮಂಗಳವಾರ ಐದಕ್ಕೇ ಎದ್ದು ಕೂತಿರುತ್ತಾನೆ. ಆರೂಕಾಲಿಗೆ ಫೋನ್ ಬಂತು.

"ಎಲ್ಲಿದೀರಾ? ಹಾಲಿನ ಗಾಡಿಯವನು ಬಾಗಿಲಲ್ಲಿ ನಿಂತು ನನಗೆ ಫೋನ್ ಮಾಡ್ತಿದಾನೆ. ಶಾಪೇ ತೆಗೆದಿಲ್ಲ!"

"ನೊರೆರಾಜ ಬಂದಿಲ್ವಾ ಮೇಡಂ? ನಾವು ಬದಲಾಯಿಸ್ಕೊಂಡಿದ್ವಿ."

"ಪುಸ್ತಕದಲ್ಲಿಲ್ಲ. ಪಟ್ಟೀಲಿ ನಿಮ್ಮ ಹೆಸರಿದೆ. ನಾನು ಬರೋದು ಎಂಟಾಗತ್ತೆ. ಏಳಕ್ಕೆ ಬಾಗಿಲು ತೆಗೀದಿದ್ರೆ ಮೇಲಿನವರಿಗೆ ನಿಮ್ಮ ಹೆಸರೇ ಹೋಗೋದು, ನೋಡಿ."

ನೊರೆರಾಜನಿಗೆ ಮಾಡಿದೆ. ನಿದ್ದೆಯಿಂದೆದ್ದ ದನಿ. ಯಾರದೋ ಮದುವೆಗೆ ಬೇರೆ ಊರಿಗೆ ಹೋಗಬೇಕು ಅಂತ ಅವನಿಗೆ ಭಾನುವಾರ ಗೊತ್ತಾಗಿ, ನನ್ನಿಂದ ತೆಗೆದುಕೊಂಡ ಪಾಳಿಯನ್ನು ಕನ್ನಡಕದ ಹುಡುಗಿಗೆ ದಾಟಿಸಿದ್ದನಂತೆ. "ನನ್ನ ಮಂಗಳವಾರದ ಶಿಫ್ಟ್ ನೀನು ನೋಡ್ಕೋ" ಅಂತ ಹೇಳಿದನಂತೆ. ಅವಳು ಹೊಸಬಳು, ಫ್ರಿಜ್ಜಿನ ಪದ್ಧತಿ ಗೊತ್ತಿಲ್ಲ. ಗೋಡೆಯ ಪಟ್ಟಿ ನೋಡಿದ್ದಾಳೆ. ಅಲ್ಲಿ ಅವನ ಹೆಸರು ಇನ್ನೂ ಎರಡು ಗಂಟೆಗೇ ಇತ್ತು. ಹೀಗೆ ಎರಡು ಗಂಟೆಗೆ ಬರೋಕೆ ನಾನು, ಅವಳು ಇಬ್ಬರೂ ತಯಾರು, ಆರು ಗಂಟೆಗೆ ಒಂದು ನರಪಿಳ್ಳೆಯೂ ಇಲ್ಲ.

"ಅಕ್ಕಾ, ನಾನು ಬೇರೆ ಊರಲ್ಲಿದೀನಿ. ನನ್ನ ಬೈದುಬಿಡು ಅಕ್ಕಾ."

ಬೈಯೋಕೆ ಎಲ್ಲಿ ಹೊತ್ತು? ಕನ್ನಡಕದ ಹುಡುಗಿಗೆ ಮಾಡಿದೆ, ಒಂಬತ್ತೂವರೆಗೆ ಬರುತ್ತೇನೆ ಅಂದಳು. ಹತ್ತಕ್ಕೆ ಮೊದಲು ಶಾಪ್ ಬಿಟ್ಟರೆ ಹತ್ತೂವರೆಗೆ ಮುಟ್ಟಬಹುದು. ಅಪ್ಪನನ್ನು ಜೊತೆಗೇ ಹೊರಡಿಸಿದೆ.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಒಂದು ಕಾಫಿ ಕೊಟ್ಟೆ. ಎಂಟರ ಹೊತ್ತಿಗೆ ಆಫೀಸಿನವರ ದಂಡು ಬಂತು. ಮಾಮೂಲಿನಂತೆ ಎಲ್ಲರೂ ಒಟ್ಟಿಗೇ ಕೌಂಟರಿಗೆ ಮುತ್ತಿದರು. ತಲೆ ಎತ್ತಿ ನೋಡುತ್ತೇನೆ, ಅಪ್ಪ ಎದ್ದು ಬಂದು ಮಧ್ಯೆ ನಿಂತಿದ್ದಾನೆ. ಎಡಗೈ ಚಾಚಿ ಒಬ್ಬನನ್ನು ಹಿಂದಕ್ಕೆ, ಒಬ್ಬಾಕೆಯನ್ನು ಮುಂದಕ್ಕೆ. "ರೈಟ್. ರೈಟ್." ಟೈ ಕಟ್ಟಿದ ದೊಡ್ಡ ಮನುಷ್ಯರೆಲ್ಲ ತುಟಿಪಿಟಕ್ಕೆನ್ನದೆ ಸಾಲಾದರು.

"ಹೊಸದಾಗಿ ಸೇರಿದ್ದಾರಾ?" ಅಂತ ಒಬ್ಬರು ಕೇಳಿದರು.

"ಇವರು ನಮಗೆಲ್ಲ ಮೇಲಿನವರು" ಅಂದೆ. ಅವತ್ತು ನಾನು ನಕ್ಕಿದ್ದು ಅಷ್ಟೇ.

ಒಂಬತ್ತೂವರೆ ಆಯಿತು. ಹುಡುಗಿ ಇಲ್ಲ. ಒಂಬತ್ತು ಐವತ್ತು. ಬಸ್ಸು ಸಿಕ್ಕಿಲ್ಲ ಅಂತ ಸಂದೇಶ ಬಂತು. ಅಪ್ಪ ಗೋಡೆಯ ಗಡಿಯಾರ ನೋಡುತ್ತಿದ್ದ, ನನ್ನನ್ನು ನೋಡುತ್ತಿದ್ದ, ಮತ್ತೆ ಗಡಿಯಾರ. ಮೂವತ್ತೊಂದು ವರ್ಷ ಟೈಮಿಗೆ ಬಸ್ ಬಿಡಿಸಿದವನು.

ಏಪ್ರನ್ ಬಿಚ್ಚಿದೆ.

"ಒಂದು ಹತ್ತು ನಿಮಿಷ" ಅಂದರು ಎಂಟಕ್ಕೆ ಬಂದಿದ್ದ ಮ್ಯಾನೇಜರ್ ಮೇಡಂ. "ಒಬ್ಬಳೇ ಹ್ಯಾಗೆ ನಿಭಾಯಿಸ್ಲಿ ಹೇಳಿ. ನನ್ನ ಕಷ್ಟಾನೂ ನೋಡಿ." ಅವರ ಕಷ್ಟವೂ ಕಾಣುತ್ತಿತ್ತು. ಎಡಗೈಯಲ್ಲಿ ಹಾಲಿನ ಜಗ್ಗು, ಬಲಗೈಯಲ್ಲಿ ಬಿಲ್ಲು, ಹಣೆಯಲ್ಲಿ ಬೆವರು.

"ಇವತ್ತಿನದು ಹೋದ್ರೆ ಅಪ್ಪನ ಮಾತು ಹೋಯ್ತು ಮೇಡಂ."

ಅವರು ಅಪ್ಪನ ಕಡೆ ನೋಡಿದರು. ಡ್ರಾಯರ್ ಎಳೆದು ಹೊಸ ಹಾಳೆ ತೆಗೆದು ಮಂಗಳವಾರದ ಬೆಳಗಿಗೆ ತಾವೇ ಅಡ್ಡ ಗೆರೆ ಎಳೆದರು. "ಇನ್ಮುಂದೆ ಮಂಗಳವಾರ ನಿಮ್ಮನ್ನ ಕೇಳಲ್ಲ. ಬದಲಿಗೆ ಗುರುವಾರ, ಶುಕ್ರವಾರ ಎರಡರಿಂದ ಹತ್ತು ಗಟ್ಟಿ. ಅದ್ರಲ್ಲಿ ಅದಲುಬದಲು ಇಲ್ಲ. ಇವತ್ತಿನ ಹಾಗೆ ಮತ್ತೊಂದ್ಸಲ ಆದ್ರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ. ಒಪ್ಪಿಗೇನಾ?"

"ಒಪ್ಪಿಗೆ." ಓದದೆ ಸಹಿ ಹಾಕಿದೆ, ಅವರು ಕೇಳಿದ ಹತ್ತು ನಿಮಿಷವೂ ನಿಂತೆ. ಕನ್ನಡಕದ ಹುಡುಗಿ ಏದುಸಿರು ಬಿಡುತ್ತ ಒಳಗೆ ಬಂದಾಗ ಹತ್ತು ಗಂಟೆ ಹನ್ನೆರಡು ನಿಮಿಷ. ಅಪ್ಪನ ಎಡಗೈ ನನ್ನ ಹೆಗಲ ಮೇಲೆ ಹಾಕಿಕೊಂಡು ಹೊರಟೆ.

ನಾನೊಬ್ಬಳೇ ಆಗಿದ್ದರೆ ಓಡುತ್ತಿದ್ದೆ. ಅಪ್ಪನ ಹೆಜ್ಜೆ ಅಪ್ಪನದು. ಬಸ್ಸು ಬಂತು, ಇಳಿದೆವು, ಮಹಡಿಯ ಮೆಟ್ಟಿಲು ಹತ್ತಿದೆವು. ಹತ್ತು ಐವತ್ಮೂರು. ಒಳಗಿನ ಕೋಣೆಯಿಂದ ಯಾರದೋ ಮಗು "ಬಾ, ಬಾ, ಬಾಳೆ" ಅನ್ನುತ್ತಿತ್ತು.

ಮೇಜಿನ ಹಿಂದಿನ ಗುಮಾಸ್ತೆ ಒಳ್ಳೆಯ ಹೆಂಗಸು. ಕೈ ಹಿಡಿದುಕೊಂಡೇ ಹೇಳಿದರು. "ಕಾದ್ವಿ ತಾಯಿ. ಹತ್ತು ನಲವತ್ತೈದರವರೆಗೂ ಮೇಡಂ ಬಾಗಿಲು ನೋಡ್ತಾನೇ ಇದ್ರು. ಹೋದ ವಾರಾನೂ ಬರ್ಲಿಲ್ಲ ನೀವು. ಆ ಮಗು ಐದು ತಿಂಗಳಿಂದ ಕಾಯ್ತಿತ್ತು."

"ಬೇರೆ ಯಾವ ಹೊತ್ತಾದ್ರೂ ಕೊಡಿ ಅಮ್ಮಾ. ಯಾವುದಾದ್ರೂ ಸರಿ."

ಅವರು ದಪ್ಪ ಪುಸ್ತಕದ ಹಾಳೆ ಹಿಂದೆ ಮುಂದೆ ತಿರುವಿದರು, ಬೆರಳನ್ನು ಒಂದು ಕಡೆ ನಿಲ್ಲಿಸಿದರು. "ಪುಣ್ಯ ಮಾಡಿದೀರಿ. ನಿನ್ನೆಯಷ್ಟೇ ಒಂದು ಬಿಟ್ಟುಕೊಟ್ಟಿದಾರೆ. ಗುರುವಾರ, ಸಾಯಂಕಾಲ ನಾಲ್ಕು. ಇದು ಬಿಟ್ರೆ ಇನ್ನು ಬರೋ ವರ್ಷಾನೇ. ಬರ್ಕೊಳ್ಲಾ?"

ಗುರುವಾರ. ಎರಡರಿಂದ ಹತ್ತು. ಸಹಿಯ ಶಾಯಿ ಆರಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಅಪ್ಪ ಆ ಹೆಂಗಸಿನ ಬೆರಳನ್ನೇ ನೋಡುತ್ತಿದ್ದ. ತುಟಿ ಏನನ್ನೋ ಹುಡುಕುತ್ತಿತ್ತು, ಸಿಗಲಿಲ್ಲ.

"ಬರ್ಕೊಳ್ಳಿ" ಅಂದೆ.

"ಈ ಸಲ ತಪ್ಪಿಸ್ಬೇಡಿ ತಾಯಿ."

"ಇಲ್ಲ."

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಅಪ್ಪನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಅವನ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ಅವನ ಸೊಂಟ ಹಿಡಿದುಕೊಂಡೆ. ನಾಲ್ಕನೇ ಮೆಟ್ಟಿಲಿಗೆ ನನ್ನ ಚೀಲದಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಶಾಪಿನದೇ ಇರಬೇಕು. ಅಪ್ಪ ಬಲಗಾಲು ಕೆಳಗಿಟ್ಟ, ಆಮೇಲೆ ಎಡಗಾಲು. ನಾನು ಕೈ ಬಿಡಲಿಲ್ಲ. ಏಳನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಅದು ತಾನಾಗಿಯೇ ನಿಂತಿತು.